ಹತ್ತು ವರ್ಷದ ಪ್ರಮಾಣಪತ್ರ



ಈಚೆಗೆ ಬಂಧುಗಳೊಬ್ಬರ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ನಮ್ಮ ಅಣ್ಣನ ಮೊಮ್ಮಗ ಬಂದು ಕುಳಿತ. ಸಿ.ಇ.ಟಿ. ಫಲಿತಾಂಶ ಬಂದಿತ್ತು. ಸೀಟೇನೋ ಸಿಗುತ್ತದೆ, ಆದರೆ ಬಯಸಿದ ಕಾಲೇಜಿನಲ್ಲಿ ಬಯಸಿದ ವಿಭಾಗ ಸಿಗಲಾರದೆಂಬ ಬೇಸರ ಅವನಿಗೆ. "ಹಳ್ಳಿ ಕೋಟಾ, ಕನ್ನಡ ಮಾಧ್ಯಮದ ಕೋಟಾ, ಜಾತಿ ಕೋಟಾ ಎಲ್ಲ ಕಳೆದು ಉಳಿದದ್ದಕ್ಕೆ ನಾವು ಹೊಡೆದಾಡಬೇಕು ಚಿಕ್ಕತಾತ. ಪರೀಕ್ಷೆ ಎಲ್ಲರಿಗೂ ಒಂದೇ ತಾನೆ? ಅಂಕ ನೋಡಿ ಸೀಟು ಕೊಟ್ಟರೆ ಆಯಿತಲ್ಲ, ಮನೆ-ಮಠ ವಿಚಾರಿಸೋದು ಯಾಕೆ?" ಎಂದ. ಸುತ್ತ ಕುಳಿತಿದ್ದ ಹಿರಿಯರೂ ತಲೆಯಾಡಿಸಿದರು.

ಎಲೆಯ ಮುಂದೆ ವಾದ ಹೂಡಬಾರದೆಂಬುದು ನಮ್ಮ ತಂದೆಯವರು ಹಾಕಿಕೊಟ್ಟ ಪದ್ಧತಿ. ಆದ್ದರಿಂದ ಸುಮ್ಮನಿದ್ದೆ. ಊರಿಗೆ ಹಿಂದಿರುಗಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನು, ಅದರಲ್ಲಿ ಕಡೆಯ ಆರು ವರ್ಷ ಮುಖ್ಯೋಪಾಧ್ಯಾಯನಾಗಿ ನೂರಾರು ಪ್ರಮಾಣಪತ್ರಗಳಿಗೆ ಸಹಿ ಹಾಕಿದವನು, ಇದಕ್ಕೆ ಉತ್ತರ ಹೇಳದಿದ್ದರೆ ತಪ್ಪಾದೀತು. ಉತ್ತರದ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಅದನ್ನೂ ಬರೆದುಬಿಡುತ್ತೇನೆ.

ಮೊದಲು ಆ ಹುಡುಗನಿಗೆ ತಿಳಿಯದಿರುವ ಅವನ ಮನೆಯದೇ ಕಥೆ.

ಅವನ ತಾತ, ಅಂದರೆ ನಮ್ಮಣ್ಣ, ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದು 1963ರಲ್ಲಿ. ಆಗ ಸಿ.ಇ.ಟಿ. ಇರಲಿಲ್ಲ. ಪಿ.ಯು.ಸಿ. ಅಂಕಗಳ ಜೊತೆಗೆ ಸಂದರ್ಶನದ ಅಂಕಗಳನ್ನು ಕೂಡಿಸಿ ಪಟ್ಟಿ ಮಾಡಬೇಕೆಂದು ಅಂದಿನ ಮೈಸೂರು ಸರ್ಕಾರ ಆಜ್ಞೆ ಮಾಡಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟು ಸಂದರ್ಶನಕ್ಕೆ ಮೀಸಲು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟೋಟ, ಚರ್ಚಾಸ್ಪರ್ಧೆ, ನಾಟಕ ಇವೆಲ್ಲ ಅದರಲ್ಲಿ ಲೆಕ್ಕಕ್ಕೆ ಬರುತ್ತಿದ್ದವು. ಈ ಕ್ರಮವನ್ನು ಪ್ರಶ್ನಿಸಿದ ಚಿತ್ರಲೇಖಾ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ನ್ಯಾಯಾಲಯ ಸಂದರ್ಶನದ ಕ್ರಮವನ್ನು ಎತ್ತಿಹಿಡಿಯಿತು.

ನಮ್ಮ ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಮನೆಯಲ್ಲಿ ಹಣವಿರಲಿಲ್ಲ, ಆದರೆ ಮೂರು ತಲೆಮಾರಿನಿಂದ ಅಕ್ಷರವಿತ್ತು. ಮೈಸೂರಿನಲ್ಲಿ ಸೋದರಮಾವನ ಮನೆಯಿತ್ತು. ಮಾವ ಕಚೇರಿಯೊಂದರಲ್ಲಿ ಗುಮಾಸ್ತರು. ಅರ್ಜಿ ಕರೆದ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ ಕಾಗದ ಬರೆದವರು ಅವರು. ಸಂದರ್ಶನಕ್ಕೆ ಮೊದಲು ಎಂಟು ದಿನ ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಹೇಳುವುದನ್ನು ಕಲಿಸಿದವರು ಅವರು. ಕಡೆಗೆ ತಮ್ಮ ಬೂಟುಗಳನ್ನೇ ಕೊಟ್ಟು ಕಳುಹಿಸಿದರು. ಅಣ್ಣನಿಗೆ ಸೀಟು ಸಿಕ್ಕಿತು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ಗೌರವದಿಂದ ನಿವೃತ್ತನಾದ. ಮಗನೂ ಎಂಜಿನಿಯರಾದ. ಈಗ ಮೊಮ್ಮಗನ ಸರದಿ.

ಅಣ್ಣನ ಸಹಪಾಠಿಯೊಬ್ಬನಿದ್ದ. ನಮ್ಮ ಊರಿನ ಕೆಳಗಿನ ಬೀದಿಯವನು. ಹೆಸರು ಬರೆಯುವುದಿಲ್ಲ. ಲೆಕ್ಕದಲ್ಲಿ ಅಣ್ಣನಿಗಿಂತ ಒಂದು ಕೈ ಮೇಲು. ಅಣ್ಣನೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಅವನಿಗೆ ಮೈಸೂರಿನಲ್ಲಿ ಮಾವನ ಮನೆಯಿರಲಿಲ್ಲ. ಅರ್ಜಿ ಕರೆದದ್ದು ಅವನಿಗೆ ತಿಳಿದಾಗ ಕಡೆಯ ದಿನಾಂಕ ಕಳೆದು ಹದಿನೈದು ದಿನವಾಗಿತ್ತು. ಅವನು ಊರಿನಲ್ಲೇ ಉಳಿದ. ಮೀಸಲಾತಿಯಿಂದ ಯಾರಿಗೆ ಸೀಟು ತಪ್ಪಿತೆಂದು ನಾವು ಲೆಕ್ಕ ಇಡುತ್ತೇವೆ. ಬೂಟಿಲ್ಲದೆ, ಮಾವನಿಲ್ಲದೆ, ಸುದ್ದಿ ತಲುಪದೆ ಸೀಟು ತಪ್ಪಿದವರ ಲೆಕ್ಕ ಯಾವ ಕಡತದಲ್ಲಿದೆ?

ಇದು ನಮ್ಮ ನಾಡಿಗೆ ಹೊಸ ಪ್ರಶ್ನೆಯಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿದ್ಯೆಯೂ ಸರ್ಕಾರಿ ಹುದ್ದೆಗಳೂ ಒಂದೇ ಸಮುದಾಯದ ಕೈಯಲ್ಲಿ ಉಳಿದಿವೆಯೆಂಬ ದೂರೇ ಅದಕ್ಕೆ ಕಾರಣ. ಆ ಸಮುದಾಯ ನಮ್ಮದೇ ಎಂಬುದನ್ನು ಬಂಧುಗಳಿಗೆ ನೆನಪಿಸಬೇಕಾಗಿಲ್ಲ. 1921ರಲ್ಲಿ ಅದರ ಶಿಫಾರಸಿನಂತೆ ಆಜ್ಞೆ ಹೊರಟಿತು. 1962ರಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ನ್ನು ಮೀಸಲಿಟ್ಟ ಮೈಸೂರು ಸರ್ಕಾರದ ಆಜ್ಞೆಯನ್ನು ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿ, ಇಂತಹ ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕೆಂದಿತು. ಮುಂದೆ ವಂತಿಗೆಯ ಕಾಲ ಬಂತು. 1984ರಲ್ಲಿ ವಂತಿಗೆ ನಿಷೇಧ ಕಾಯಿದೆಯಾದರೂ ಹಣವಿದ್ದವರಿಗೆ ಬಾಗಿಲು ತೆರೆದೇ ಇತ್ತು. 1992ರ ಮೋಹಿನಿ ಜೈನ್ ಮೊಕದ್ದಮೆ, 1993ರ ಉನ್ನಿಕೃಷ್ಣನ್ ತೀರ್ಪು ಆದ ಮೇಲೆ 1994ರಲ್ಲಿ ನಮ್ಮಲ್ಲಿ ಸಿ.ಇ.ಟಿ. ಆರಂಭವಾಯಿತು.

ಸಿ.ಇ.ಟಿ.ಯನ್ನು ನಾನು ತೆಗಳುವವನಲ್ಲ. ಶಿಫಾರಸಿಲ್ಲದೆ, ಥೈಲಿಯಿಲ್ಲದೆ, ಬರಿಯ ಕ್ರಮಸಂಖ್ಯೆಯ ಬಲದಿಂದ ಕೂಲಿಕಾರರ ಮಕ್ಕಳು ಸರ್ಕಾರಿ ಕಾಲೇಜಿನ ಮೆಟ್ಟಿಲು ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿಯೇ ಅಂತಹವರು ಹಲವರಿದ್ದೀರಿ. ಆದರೆ ಪರೀಕ್ಷೆ ಒಂದೇ ಆದ ಮಾತ್ರಕ್ಕೆ ತಯಾರಿ ಒಂದೇ ಆಗುವುದಿಲ್ಲ. ನಮ್ಮ ಮೊಮ್ಮಗ ಬೆಳಗಿನ ಐದಕ್ಕೆ ಎದ್ದು ಓದಿದ್ದು ನಿಜ. ಅವನ ಶ್ರಮವನ್ನು ಹಗುರಾಗಿ ಕಾಣಲಾರೆ. ಆದರೆ ಅವನ ಎದುರಿಗೆ ಪ್ರತ್ಯೇಕ ಕೋಣೆಯಿತ್ತು, ಎರಡು ವರ್ಷದ ಕೋಚಿಂಗ್ ಇತ್ತು, ಹಾಲಿನ ಲೋಟ ಹಿಡಿದು ನಿಂತ ತಾಯಿಯಿದ್ದಳು. ಅದೇ ಐದು ಗಂಟೆಗೆ ಎದ್ದು ಹಟ್ಟಿ ಬಳಿದು, ನೀರು ಸೇದಿಟ್ಟು, ಆರು ಕಿಲೋಮೀಟರು ನಡೆದು ಶಾಲೆಗೆ ಬರುತ್ತಿದ್ದ ಹುಡುಗಿಯರನ್ನು ನಾನು ಬಲ್ಲೆ. ಇಬ್ಬರ ಅಂಕದಲ್ಲಿ ಹತ್ತರ ವ್ಯತ್ಯಾಸವಿದ್ದರೆ ಆ ಹತ್ತು ಯಾವುದರ ಅಳತೆ? ಲೆಕ್ಕದ ಮೇಷ್ಟ್ರಾಗಿ ಹೇಳುತ್ತೇನೆ: ಆರಂಭದ ಗೆರೆ ಬೇರೆಯಾಗಿರುವಾಗ ಮುಟ್ಟಿದ ಗೆರೆಯನ್ನು ಮಾತ್ರ ನೋಡಿ ಓಟವನ್ನು ಅಳೆಯಲು ಬರುವುದಿಲ್ಲ.

ಇದಕ್ಕೆ ನೆರೆಯ ತಮಿಳುನಾಡಿನಲ್ಲಿ ಒಂದು ದೊಡ್ಡ ನಿದರ್ಶನವಿದೆ. ಅಲ್ಲಿ ವೈದ್ಯಕೀಯ ಪ್ರವೇಶ ಮೊದಲು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ನಡೆಯುತ್ತಿತ್ತು. ನೀಟ್ ಬಂದ ಮೇಲೆ ತಮಿಳು ಮಾಧ್ಯಮದ ಮತ್ತು ಸರ್ಕಾರಿ ಶಾಲೆಯ ಮಕ್ಕಳ ಪಾಲು ಕುಸಿಯಿತೆಂದು ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ವರದಿ ಮಾಡಿತು. ಅದಕ್ಕೆ ಮೊದಲೇ, 2020ರಲ್ಲಿ, ಆ ರಾಜ್ಯ ಸರ್ಕಾರಿ ಶಾಲೆಯ ಮಕ್ಕಳಿಗೆಂದು ಶೇ. 7.5 ಸೀಟುಗಳನ್ನು ಪ್ರತ್ಯೇಕವಾಗಿ ತೆಗೆದಿರಿಸಬೇಕಾಗಿ ಬಂದಿತ್ತು. ಮಕ್ಕಳ ಬುದ್ಧಿ ಎರಡು-ಮೂರು ವರ್ಷದಲ್ಲಿ ಬದಲಾಗಿರಲಿಲ್ಲ. ಅಳೆಯುವ ಕೋಲು ಬದಲಾಗಿತ್ತು, ಆ ಕೋಲಿಗೆ ಒಗ್ಗುವ ತರಬೇತಿ ಹಣಕ್ಕೆ ಸಿಗುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ.

ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರು ಸಹಿ ಮಾಡಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಬೇಕು.

2004ನೆಯ ಇಸವಿ. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯ. ಎರಡು ವರ್ಷದ ಹಿಂದೆ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಳು. ಮೇಲೆ ಹೇಳಿದ ಆರು ಕಿಲೋಮೀಟರು ನಡೆದು ಬರುತ್ತಿದ್ದವರಲ್ಲಿ ಒಬ್ಬಳು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದವಳು. ಸಿ.ಇ.ಟಿ. ಅರ್ಜಿಗೆ ಗ್ರಾಮೀಣ ಪ್ರಮಾಣಪತ್ರ ಬೇಕೆಂದಳು.

ನಾನು ದಾಖಲೆ ತೆಗೆದು ನೋಡಿದೆ. ಏಳನೆಯ ತರಗತಿಯವರೆಗೆ ಅವಳದೇ ಹಳ್ಳಿಯ ಶಾಲೆ. ಅಲ್ಲಿ ಪ್ರೌಢಶಾಲೆಯಿಲ್ಲದ ಕಾರಣ ಎಂಟರಿಂದ ಹತ್ತು ನಮ್ಮಲ್ಲಿ. ನಮ್ಮ ಶಾಲೆ ಪುರಸಭೆಯ ಗಡಿಯೊಳಗಿತ್ತು. ಹತ್ತು ವರ್ಷದಲ್ಲಿ ಮೂರು ವರ್ಷ ಪಟ್ಟಣದ್ದಾಯಿತು. "ನಿನಗೆ ಬರೋದಿಲ್ಲಮ್ಮ" ಎಂದೆ. ತಂದೆ ಕೈಮುಗಿದು, "ನಾವು ಹಳ್ಳಿಯವರೇ ಅಲ್ವಾ ಸ್ವಾಮಿ?" ಎಂದರು. ನಿಯಮವನ್ನು ಓದಿ ಹೇಳಿದೆ. ಅವರು ಹೊರಟುಹೋದರು.

ಗಮನಿಸಿ, ಆ ನಿಯಮ ನೋಡುವುದು ಶಾಲೆ ಎಲ್ಲಿದೆ ಎಂಬುದನ್ನು. ಮಗು ಎಲ್ಲಿ ಮಲಗಿ ಎಲ್ಲಿ ಏಳುತ್ತದೆ ಎಂಬುದನ್ನಲ್ಲ. ಪಟ್ಟಣದ ಗಡಿ ದಾಟಿದ ಕೂಡಲೇ ಎದ್ದಿದ್ದ ಖಾಸಗಿ ಇಂಗ್ಲಿಷ್ ಶಾಲೆಗೆ ಪೇಟೆಯ ಮಕ್ಕಳು ವ್ಯಾನಿನಲ್ಲಿ ಹೋಗಿಬರುತ್ತಿದ್ದರು. ಆ ಮಕ್ಕಳ ಹತ್ತೂ ವರ್ಷ ಕಾಗದದ ಮೇಲೆ ಗ್ರಾಮೀಣವೇ. ಬೇರೆ ನಿಬಂಧನೆಗಳು ಇದ್ದವೆನ್ನಿ. ಆದರೂ ಹಳ್ಳಿಯಿಂದ ಪೇಟೆಗೆ ನಡೆದವಳು ಪೇಟೆಯವಳಾದಳು, ಪೇಟೆಯಿಂದ ಹಳ್ಳಿಗೆ ವ್ಯಾನಿನಲ್ಲಿ ಹೋದವನು ಹಳ್ಳಿಯವನಾದ.

ಇಷ್ಟೇ ಆಗಿದ್ದರೆ ನಿಯಮದ ಮೇಲೆ ಹೊರೆ ಹೊರಿಸಿ ನಾನು ಪಾರಾಗುತ್ತಿದ್ದೆ. ಆದರೆ ಆ ಹುಡುಗಿ ಒಂದರಿಂದ ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಗ್ರಾಮೀಣ ಪ್ರಮಾಣಪತ್ರ ಬಾರದಿದ್ದರೂ ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಅವಳು ಪೂರ್ಣ ಹಕ್ಕುದಾರಳು. ಅದನ್ನು ನಾನು ಹೇಳಲಿಲ್ಲ. ಬೇಕೆಂದು ಬಚ್ಚಿಟ್ಟದ್ದಲ್ಲ, ಆ ಹೊತ್ತಿಗೆ ತೋಚಲಿಲ್ಲ. ಅವಳು ಕೇಳಿದ್ದಕ್ಕೆ ಇಲ್ಲವೆಂದೆ, ಕೇಳದಿದ್ದುದನ್ನು ಹೇಳಲಿಲ್ಲ. ಮೇಜಿನ ಮೇಲೆ ಸಂಬಳದ ಬಿಲ್ಲುಗಳ ರಾಶಿಯಿತ್ತು. ಹತ್ತು-ಹನ್ನೆರಡು ದಿನ ಕಳೆದ ಮೇಲೆ ಬ್ಯಾಂಕ್ ಉದ್ಯೋಗಿಯೊಬ್ಬರು ತಮ್ಮ ಮಗನಿಗೆಂದು ಎರಡೂ ನಮೂನೆಗಳನ್ನು ತಾವೇ ತುಂಬಿಕೊಂಡು ಬಂದು, "ಇಲ್ಲೊಂದು ಸಹಿ ಸಾರ್, ಇಲ್ಲೊಂದು" ಎಂದಾಗ ನನಗೆ ಎದೆ ಧಸಕ್ಕೆಂದಿತು. ಅಂದೇ ಜವಾನನನ್ನು ಸೈಕಲ್ಲಿನಲ್ಲಿ ಅವಳ ಊರಿಗೆ ಅಟ್ಟಿದೆ. ಅರ್ಜಿ ಆಗಲೇ ಹೋಗಿತ್ತು. ಆ ಅಂಕಣವನ್ನು ತುಂಬಿರಲಿಲ್ಲ. ಆಮೇಲೆ ಸೇರಿಸಲು ಬರುವುದಿಲ್ಲವೆಂದರು.

ಆ ಶೇ. 5ರಲ್ಲಿ ಅವಳಿಗೆ ಸರ್ಕಾರಿ ಕಾಲೇಜಿನ ಸೀಟು ಸಿಕ್ಕೇ ಸಿಗುತ್ತಿತ್ತೆಂದು ಹೇಳಲಾರೆ. ಆದರೆ ಕೇಳುವ ಹಕ್ಕು ಅವಳಿಗಿತ್ತು. ಆ ಹಕ್ಕು ನನ್ನ ಮೇಜಿನ ಮೇಲೆ ಕಳೆದುಹೋಯಿತು. ಅವಳಿಗೆ ಬಂದದ್ದು ದೂರದ ಊರಿನ ಖಾಸಗಿ ಕಾಲೇಜು. ಅಲ್ಲಿನ ಶುಲ್ಕ, ವಸತಿಯ ಖರ್ಚು ಭರಿಸಲು ತಂದೆಗೆ ಆಗಲಿಲ್ಲ. ಪಟ್ಟಣದ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್‌ಸಿ.ಗೆ ಸೇರಿದಳು.

ಹಿನ್ನೆಲೆ ಎಂಬ ಮಾತನ್ನು ನಾವು ಬಡತನ ಎಂಬ ಒಂದೇ ಅರ್ಥದಲ್ಲಿ ಬಳಸುತ್ತೇವೆ. ನನ್ನ ಅನುಭವದಲ್ಲಿ ಹಿನ್ನೆಲೆಯೆಂದರೆ ಏನನ್ನು ಕೇಳಬೇಕೆಂದು ಮನೆಯಲ್ಲಿ ಯಾರಿಗಾದರೂ ತಿಳಿದಿರುವುದು. ಅಣ್ಣನಿಗೆ ಮಾವ ಇದ್ದರು. ಆ ಹುಡುಗನಿಗೆ ಬ್ಯಾಂಕಿನ ತಂದೆಯಿದ್ದರು. ಈ ಹುಡುಗಿಗೆ ಇದ್ದವನು ನಾನೊಬ್ಬ, ಮುಖ್ಯೋಪಾಧ್ಯಾಯ. ನಾನು ಆ ದಿನ ನಿಯಮದ ಪುಸ್ತಕವಾದೆ, ಮೇಷ್ಟ್ರಾಗಲಿಲ್ಲ.

ಸೀಟು ಸಿಕ್ಕವರಾದರೂ ಗೆದ್ದರೇ? ಅಲ್ಲಿಯೂ ಹಿನ್ನೆಲೆ ಹಿಂಬಾಲಿಸುತ್ತದೆ. ನನ್ನ ಇನ್ನೊಬ್ಬ ವಿದ್ಯಾರ್ಥಿ ಗ್ರಾಮೀಣ ಮೀಸಲಾತಿಯಲ್ಲಿ ಎಂಜಿನಿಯರಿಂಗ್ ಸೇರಿದ. ಮೊದಲ ವರ್ಷ ಮೂರು ವಿಷಯ ಉಳಿಸಿಕೊಂಡ. ದಡ್ಡತನದಿಂದಲ್ಲ, ಅಧ್ಯಾಪಕರ ಇಂಗ್ಲಿಷು ಕಿವಿಗೆ ಹತ್ತುತ್ತಿರಲಿಲ್ಲ. ಕಡೆಯ ವರ್ಷದ ಹೊತ್ತಿಗೆ ತರಗತಿಯ ಮೊದಲ ಹತ್ತರಲ್ಲಿದ್ದ. ಆದರೆ ಕ್ಯಾಂಪಸ್ ಸಂದರ್ಶನಕ್ಕೆ ಬಂದ ಕಂಪನಿಗಳಲ್ಲಿ ಹಲವು ಎಸ್.ಎಸ್.ಎಲ್.ಸಿ.ಯಿಂದ ಹಿಡಿದು ಎಲ್ಲದರಲ್ಲೂ ಶೇ. 60 ಕೇಳಿದವು, ಉಳಿಸಿಕೊಂಡ ವಿಷಯಗಳ ಚರಿತ್ರೆ ಕೇಳಿದವು. ಒಳಗೆ ಬಿಟ್ಟುಕೊಂಡವರು ಗುಂಪು ಚರ್ಚೆಗೆ ಕೂರಿಸಿದರು. ಇವನು ಬಾಯಿ ತೆರೆಯುವುದರೊಳಗೆ ಚರ್ಚೆ ಮುಗಿದಿತ್ತು. ಪದವಿ ಪತ್ರ ಒಂದೇ, ಮುದ್ರೆ ಒಂದೇ. ಪೇಟೆಯಲ್ಲಿ ಅದರ ಬೆಲೆ ಬೇರೆ ಬೇರೆ. ಮೂರು ವರ್ಷ ಚಿಕ್ಕ ಕಂಪನಿಗಳಲ್ಲಿ ಅಲೆದು, ಆಮೇಲೆ ಅವನು ತನ್ನ ಯೋಗ್ಯತೆಯ ಕೆಲಸಕ್ಕೆ ಸೇರಿದ. ಆ ಮೂರು ವರ್ಷವನ್ನು ಅವನಿಂದ ಯಾರು ಕಸಿದರೆಂದು ಯಾರೂ ಕೇಳುವುದಿಲ್ಲ.

ಇದು ನನ್ನೊಬ್ಬನ ಊಹೆಯಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಅವರು 2007ರಲ್ಲಿ ಐ.ಟಿ. ಉದ್ಯಮದ ಬಗ್ಗೆ ಬರೆದ ಲೇಖನದಲ್ಲಿ, ಅರ್ಹತೆಯೊಂದನ್ನೇ ನೋಡುತ್ತೇವೆನ್ನುವ ಆ ಉದ್ಯಮದ ನೌಕರರಲ್ಲಿ ಹೆಚ್ಚಿನವರು ನಗರದ, ಮಧ್ಯಮವರ್ಗದ, ಮೇಲುಜಾತಿಗಳ ಮನೆಗಳಿಂದ ಬಂದವರೆಂದು ತೋರಿಸಿದ್ದಾರೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು ಉದ್ಯೋಗದಾತರನ್ನು ಮಾತನಾಡಿಸಿದಾಗ, ಜಾತಿ ನೋಡುವುದಿಲ್ಲವೆಂದವರೇ ಅಭ್ಯರ್ಥಿಯ ಕೌಟುಂಬಿಕ ಹಿನ್ನೆಲೆಯನ್ನು ತಪ್ಪದೆ ವಿಚಾರಿಸುತ್ತೇವೆಂದರು. ಸುಖದೇವ್ ಥೋರಟ್ ಮತ್ತು ಪಾಲ್ ಆಟೆವೆಲ್ ಅವರು ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳುಹಿಸಿ ನೋಡಿದರು. ದಲಿತ ಹಾಗೂ ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಕಡಿಮೆ ಬಂತು. ನಮ್ಮ ಮೊಮ್ಮಗ "ಮನೆ-ಮಠ ವಿಚಾರಿಸೋದು ಯಾಕೆ?" ಎಂದನಲ್ಲ, ವಿಚಾರಿಸುವವರು ಪ್ರವೇಶ ಪ್ರಾಧಿಕಾರದವರು ಮಾತ್ರವಲ್ಲ. ಅವರು ಸಹಾಯ ಮಾಡಲು ವಿಚಾರಿಸಿದರೆ, ಇವರು ಸೋಸಿ ತೆಗೆಯಲು ವಿಚಾರಿಸುತ್ತಾರೆ.

ಹಾಗೆಂದು ಈಗಿರುವ ವ್ಯವಸ್ಥೆಯೆಲ್ಲ ಸರಿಯೆಂದು ನಾನು ವಾದಿಸುವುದಿಲ್ಲ. ಎರಡು ತಲೆಮಾರು ಅಧಿಕಾರಿಗಳಾದ ಮನೆಯ ಮಗುವಿಗೂ ಕೂಲಿಯವನ ಮಗುವಿಗೂ ಒಂದೇ ಸಾಲಿನಲ್ಲಿ ಸ್ಪರ್ಧೆಯಿಟ್ಟರೆ ಮೊದಲನೆಯದೇ ಗೆಲ್ಲುತ್ತದೆ. ಇದು ಯಾವ ಸಮುದಾಯದೊಳಗಾದರೂ ನಿಜ. ಮುಂದುವರಿದ ಸಮುದಾಯಗಳಲ್ಲಿಯೂ ಅಡುಗೆ ಕೆಲಸ ಮಾಡಿ ಮಕ್ಕಳನ್ನು ಓದಿಸುವ ತಾಯಂದಿರಿದ್ದಾರೆ. 2019ರ ಸಂವಿಧಾನ ತಿದ್ದುಪಡಿ ಅವರನ್ನು ಗುರುತಿಸಲು ಹೊರಟಿತು. ಈ ದೋಷಗಳನ್ನು ತಿದ್ದಬೇಕು. ಆದರೆ ತಕ್ಕಡಿಯ ಕಲ್ಲು ಸವೆದಿದ್ದರೆ ಕಲ್ಲನ್ನು ಬದಲಿಸುತ್ತೇವೆಯೇ ಹೊರತು ತಕ್ಕಡಿಯನ್ನೇ ಎಸೆದು ಕಣ್ಣಳತೆಯಲ್ಲಿ ಮಾರಲು ಕೂರುವುದಿಲ್ಲ.

ನನಗೆ ತೋಚುವ ತಿದ್ದುಪಡಿಗಳು ಸಣ್ಣವು. ಊರಿನಲ್ಲಿ ಪ್ರೌಢಶಾಲೆಯಿಲ್ಲದೆ ಪಟ್ಟಣಕ್ಕೆ ನಡೆದ ಮಗುವನ್ನು ಗ್ರಾಮೀಣವೆಂದೇ ಎಣಿಸಬೇಕು. ವ್ಯಾಸಂಗದ ಪ್ರಮಾಣಪತ್ರಗಳನ್ನು ಕೇಳಿದವರಿಗೆ ಕೊಡುವುದರ ಬದಲು ಹತ್ತನೆಯ ತರಗತಿಯ ಅಂಕಪಟ್ಟಿಯ ಜೊತೆಯಲ್ಲೇ ಎಲ್ಲರ ಕೈಗೂ ಕೊಟ್ಟುಬಿಡಬೇಕು. ಮಕ್ಕಳ ದಾಖಲೆಗಳೆಲ್ಲ ಗಣಕಯಂತ್ರದಲ್ಲಿರುವ ಈ ಕಾಲದಲ್ಲಿ ಇದು ಕಷ್ಟವಲ್ಲ. ಕನ್ನಡ ಮಾಧ್ಯಮದಿಂದ ಬಂದವರನ್ನು ಸೇರಿಸಿಕೊಂಡ ಕಾಲೇಜು ಮೊದಲ ಆರು ತಿಂಗಳು ಅವರ ಇಂಗ್ಲಿಷಿಗೆ ಕೈಹಿಡಿಯಬೇಕು. ಸೀಟು ಕೊಟ್ಟು ಕೈಬಿಡುವುದು, ಬಾವಿಗೆ ಇಳಿಸಿ ಹಗ್ಗ ಎಳೆದುಕೊಂಡಂತೆ.

ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಈಗ ಸಂದರ್ಶನದ ಮೇಜಿನ ಆಚೆ ಕುಳಿತಿದ್ದೀರಿ. ನಿಮ್ಮೆದುರು ತಡವರಿಸುವ ಹುಡುಗ ಬಂದರೆ, ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ, ಬೇಕಾದರೆ ಕನ್ನಡದಲ್ಲಿಯೇ ಕೇಳಿ. ನನ್ನ ತರಗತಿಯಲ್ಲಿ ನೀವು ತಡವರಿಸಿದ್ದನ್ನು ನಾನು ಮರೆತಿಲ್ಲ. ಬಂಧುಗಳೇ, ಮನೆಗೆಲಸಕ್ಕೆ ಬರುವಾಕೆಯ ಮಗಳು ಪಿ.ಯು.ಸಿ. ಓದುತ್ತಿದ್ದರೆ ಅರ್ಜಿಯ ಕಡೆಯ ದಿನಾಂಕವನ್ನು ಒಮ್ಮೆ ಅವಳಿಗೆ ಹೇಳಿ. ನಮ್ಮ ಮಾವ ಮಾಡಿದ್ದು ಅದನ್ನೇ.

ಆ ಹುಡುಗಿ 2019ರಲ್ಲಿ ನಮ್ಮ ಮನೆಗೆ ಬಂದಿದ್ದಳು. ಬಿ.ಎಸ್‌ಸಿ. ಆದ ಮೇಲೆ ಬಿ.ಇಡಿ. ಮಾಡಿ, ಈಗ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಹದಿನೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಅಂದು ಅವಳಿಗೆ ಹೇಳಿದೆ. ಅವಳು ಕಾಫಿಯ ಲೋಟವನ್ನು ಕೆಳಗಿಟ್ಟು, "ಅದು ನನಗೆ ಆಗಲೇ ಗೊತ್ತಾಯ್ತು ಸಾರ್. ನೀವು ಜವಾನರನ್ನು ಕಳಿಸಿದ ದಿನವೇ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ತುಂಬ ಅತ್ತಿದ್ದೆ. ಅದಕ್ಕೇ ಈಗ ಹತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ಜೂನ್ ತಿಂಗಳಲ್ಲೇ ಎರಡೂ ನಮೂನೆ ತುಂಬಿಸಿ, ಹೆಡ್ಮಾಸ್ಟರ ಮೇಜಿನ ಮೇಲೆ ಇಟ್ಟುಬಿಡ್ತೀನಿ. ಯಾರೂ ಕೇಳೋವರೆಗೂ ಕಾಯಲ್ಲ" ಎಂದಳು.

ಕ್ಷಮಿಸಿದ್ದೇನೆಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊಮ್ಮಗನಿಗೆ ಈ ಬರಹವನ್ನು ಕಳುಹಿಸುತ್ತಿದ್ದೇನೆ. ಅವನು ಒಪ್ಪಲೇಬೇಕೆಂದಿಲ್ಲ. ಅವನ ತಾತನ ಸಂದರ್ಶನದ ಕಥೆ ಅವನಿಗೆ ತಿಳಿದಿರಲಿ. ಮುಂದಿನ ಬಾರಿ ಬಂದಾಗ ಊಟ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ವಾದ ಮಾಡೋಣ.

ನಿಮ್ಮ ಅಭಿಪ್ರಾಯಗಳನ್ನೂ ಬರೆಯಿರಿ. ಭಿನ್ನಾಭಿಪ್ರಾಯವಿದ್ದರೆ ಇನ್ನೂ ಸಂತೋಷ.

ನಿಮ್ಮ,
ಮೇಷ್ಟ್ರು